ಡ್ಯೂಟಿ ಮೇಲಿದ್ದವರ ಮತದಾನ

ಸುಕನ್ಯಾಗೆ ಮೈಸೂರಿಗೆ ಹೋಗಬೇಕಿತ್ತು. ಅರಮನೆ ನೋಡಲಿಕ್ಕಲ್ಲ. ಅಲ್ಲಿ ಅವಳಂಥ ಶಿಕ್ಷಕರಿಗೆ ಹತ್ತು ದಿನದ ಪೌರಶಿಕ್ಷಣ ತರಬೇತಿ ಇತ್ತು, ಊಟ ಹಾಸ್ಟೆಲಿನದು. ತಟ್ಟೆ ಹಿಡಿದು ಕೂತರೆ ಯಾರೋ ಬಂದು ‘ಇನ್ನೊಂದು ಹಾಕ್ಲಾ?’ ಎಂದು ಕೇಳುತ್ತಾರಂತೆ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಆ ಪ್ರಶ್ನೆಯನ್ನು ಅವಳು ಎಲ್ಲರನ್ನೂ ಕೇಳುತ್ತಲೇ ಇದ್ದಳು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬಿಸಿ ರೊಟ್ಟಿ ಅವಳ ಕೈಯಿಂದ ದಿನಾ ಹೋಗುತ್ತಿತ್ತು, ಬಾಯಿಗೆ ಬರುವ ಹೊತ್ತಿಗೆ ಆರಿರುತ್ತಿತ್ತು.

ಆದರೆ ತಾಲ್ಲೂಕಿನಿಂದ ಒಬ್ಬರಿಗೇ ಅವಕಾಶ. ಅದು ಯಾರೆಂದು ಸಮಾಜ ವಿಜ್ಞಾನದ ಶಿಕ್ಷಕರೇ ಮತ ಹಾಕಿ ಆರಿಸಲಿ ಎಂದವಳು ಕೋಮಲಾ. ಪ್ರಜಾಪ್ರಭುತ್ವದ ತರಬೇತಿ ಕೊಟ್ಟರೆ ಶಿಕ್ಷಕರ ನಡವಳಿಕೆ ಬದಲಾಗುತ್ತದೆಯೇ ಎಂದು ಸಂಶೋಧನೆ ಮಾಡುತ್ತಿದ್ದ ಹುಡುಗಿ.

“ನಾನು ಹಿಂದೆ ಕೂತು ನೋಡ್ತೀನಿ ಅಷ್ಟೇ. ಮಧ್ಯ ಬಾಯಿ ಹಾಕಿದ್ರೆ ಸಂಶೋಧನೆ ಕೆಟ್ಟುಹೋಗುತ್ತೆ,” ಎಂದು ಅವಳು ಶಿಕ್ಷಕರು ಸೇರಿದ್ದ ಹಾಲಿನ ಕೊನೆಯ ಬೆಂಚು ಹಿಡಿದಳು.

ಹರಪನಹಳ್ಳಿ ಮೂಲದ ಬೀರಲಿಂಗೇಶ್ ಮೇಷ್ಟ್ರು ತಾವೇ ನಿಂತರು. ಸುಕನ್ಯಾಳ ಕೈಯನ್ನು ಉಜ್ಜಿನಿ ಶಾಲೆಯ ಗೆಳತಿ ತಿಪ್ಪೇರುದ್ರಮ್ಮ ಹಿಡಿದು ಮೇಲೆತ್ತಿದಳು. “ಇಕಿ ನಿಲ್ತಾಳ ನೋಡ್ರಿ! ಸುಮ್ನಿರು, ಯವ್ವಾ. ಆಸೆ ಮುಖದ ಮ್ಯಾಲ ಕುಂತೈತಿ.”

ಮತದಾನ ಅಂದದ್ದೇ ತಡ, ಇಡೀ ಹಾಲು ಮೈಕೊಡವಿ ಎದ್ದಿತು. ಎಷ್ಟೋ ಚುನಾವಣೆಗಳಲ್ಲಿ ಡ್ಯೂಟಿ ಮಾಡಿದ ಜೀವಗಳು. ಒಬ್ಬರು ಮೇಜು ಎಳೆದರು, ಒಬ್ಬರು ರಟ್ಟಿನ ಮರೆ ಕಟ್ಟಿದರು. ತಿಪ್ಪೇರುದ್ರಮ್ಮ ಮತದಾರರ ಪಟ್ಟಿ ಹಿಡಿದು ಕೂತಳು. ಸುಕನ್ಯಾ ಪ್ರತಿ ಸಲದಂತೆ ಮಸಿಯ ಶೀಶೆಯ ಮುಂದೆ ಕೂತಳು. ಉಳಿದವರು ಮೈಕ್ರೋ ವೀಕ್ಷಕರು, ಏಜೆಂಟರು, ಭದ್ರತೆ ಆದರು. ನಡುವಿನ ಮುಖ್ಯಾಧಿಕಾರಿಯ ಕುರ್ಚಿಗೆ ಬೀರಲಿಂಗೇಶ್ ಮೇಷ್ಟ್ರು ಬಂದು ಕೂತರು. ತಾವು ಅಭ್ಯರ್ಥಿ ಎಂಬುದು ಅವರಿಗೂ ನೆನಪಾಗಲಿಲ್ಲ, ಬೇರೆಯವರಿಗೂ ಆಗಲಿಲ್ಲ. ಖಾಲಿ ಡಬ್ಬಿಯನ್ನು ಎಲ್ಲರಿಗೂ ತೋರಿಸಿ, ಅರಗು ಕಾಯಿಸಿ, ಸೀಲು ಒತ್ತಿದರು.

“ಮತದಾನ ಶುರು!”

ಎಲ್ಲರೂ ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ.

“ಮಂದಿನಽ ಇಲ್ಲಲ್ಲ,” ಎಂದಳು ತಿಪ್ಪೇರುದ್ರಮ್ಮ.

“ಬಿಸಿಲು ನೋಡ್ರಿ ಹೆಂಗೈತಿ. ಇಳಿಹೊತ್ತಿಗೆ ಬರ್ತಾರ,” ಎಂದರು ಮೇಷ್ಟ್ರು.

ಹಿಂದಿನ ಬೆಂಚಿನಲ್ಲಿ ಕೋಮಲಾ ಪೆನ್ನಿನ ಮುಚ್ಚಳ ಕಚ್ಚಿದಳು. ಮಧ್ಯಾಹ್ನ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಂತು. ಅಧಿಕಾರಿಗಳು ಸರದಿ ಮೇಲೆ ತಿಂದರು. ಮತ್ತೆ ಕಾದರು. ಪೆನ್ನಿನ ಮುಚ್ಚಳ ಪುಡಿಯಾಗಿತ್ತು.

“ಅಲ್ರಿ ಸರ್,” ಸುಕನ್ಯಾ ಮೆಲ್ಲಗೆ ಕೇಳಿದಳು, “ಓಟು ಹಾಕಬೇಕಾದವರು ಯಾರು?”

“ಶಿಕ್ಷಕರು.”

“ಶಿಕ್ಷಕರು ನಾವಽ ಅಲ್ಲೇನ್ರಿ?”

“ನಾವು ಡ್ಯೂಟಿ ಮೇಲೆ ಅದೀವಿ ಮೇಡಂ. ನಮ್ಮದು ಅಂಚೆ ಮತ,” ಎಂದರು ಮೇಷ್ಟ್ರು, ಮಕ್ಕಳಿಗೆ ತಿಳಿಹೇಳುವ ಸಮಾಧಾನದಲ್ಲಿ. ಎಲ್ಲರೂ ತಲೆಯಾಡಿಸಿದರು.

ಸುಕನ್ಯಾ ಗಡಿಯಾರ ನೋಡಿದಳು. ಮುಗಿಯುವ ಹೊತ್ತು ಬಂದಿತ್ತು. ಎಷ್ಟು ಬೆರಳುಗಳಿಗೆ ಮಸಿ ಹಚ್ಚಿದ್ದಳು ಅವಳು! ಅಜ್ಜಿಯರದು, ಬಾಣಂತಿಯರದು, ಮದರಂಗಿ ಹಚ್ಚಿದ ಮದುಮಗಳದು. ಪ್ರತಿಯೊಬ್ಬರೂ ಒಳಗೆ ಹೋಗಿ ಏನನ್ನೋ ಬಯಸಿ ಹೊರಗೆ ಬರುತ್ತಿದ್ದರು. ಅವರ ಮುಖದ ಮೇಲಿನ ಆ ಗುಟ್ಟು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಕುರ್ಚಿ ಹಿಂದೆ ತಳ್ಳಿ ಎದ್ದಳು.

“ಡ್ಯೂಟಿ ಬಿಟ್ಟು ಎದ್ದರೆ ನೋಟಿಸ್ ಕೊಡಬೇಕಾಗ್ತದ ಮೇಡಂ!”

“ಕೊಡ್ರಿ ಸರ್. ಮೈಸೂರಿಂದ ಬಂದು ಉತ್ತರ ಬರೀತೀನಿ.”

ಅವಳು ಹೊರಗೆ ಹೋಗಿ ಬಾಗಿಲ ಬಳಿ ಸಾಲು ನಿಂತಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಸಮಯ ಮುಗಿದಾಗ ಸಾಲಿನಲ್ಲಿರುವವರಿಗೆ ಕೊನೆಯಿಂದ ಚೀಟಿ ಕೊಡುತ್ತ ಬರಬೇಕೆಂಬುದು ನಿಯಮ. ಮೇಷ್ಟ್ರು ಓಡಿಬಂದು ಸಾಲಿನ ಕೊನೆ ಹುಡುಕಿದರು, ಅಲ್ಲಿ ಸುಕನ್ಯಾ ಇದ್ದಳು. ಸಾಲಿನ ಮೊದಲ ಜಾಗ ಹುಡುಕಿದರು, ಅಲ್ಲೂ ಅವಳೇ. ಬೆವರು ಒರೆಸಿಕೊಂಡು ಚೀಟಿ ಕೊಟ್ಟರು.

“ಗುರುತಿನ ಚೀಟಿ?” ತಿಪ್ಪೇರುದ್ರಮ್ಮ ತಲೆ ಎತ್ತದೆ ಕೇಳಿದಳು.

“ಏ ಅಕ್ಕಾ, ಬೆಳಿಗ್ಗೆ ನನ್ನ ಬುತ್ತಿ ರೊಟ್ಟಿ ತಿಂದೀ!”

“ರೊಟ್ಟಿ ತೋರಿಸಿ ಓಟು ಹಾಕಾಕ ಬರಂಗಿಲ್ಲ. ಕಾರ್ಡ್ ತಗಿ.”

ಕಾರ್ಡು ನೋಡಿ ಅವಳು ಇಡೀ ಹಾಲಿಗೆ ಕೇಳುವಂತೆ “ಸುಕನ್ಯಾ!” ಎಂದು ಕೂಗಿದಳು. ಮನೆಯಲ್ಲಿ ಆ ಹೆಸರು ಕೂಗಿದರೆ ಉಪ್ಪೋ ನೀರೋ ಬೇಕೆಂದರ್ಥ. ಇಲ್ಲಿ ಯಾರಿಗೂ ಏನೂ ಬೇಕಾಗಿರಲಿಲ್ಲ. ಮಸಿ ಹಚ್ಚುವ ಕುರ್ಚಿ ಖಾಲಿ ಇತ್ತು; ತನ್ನ ಬೆರಳಿಗೆ ತಾನೇ ಹಚ್ಚಿಕೊಂಡಳು. ತಣ್ಣಗಿತ್ತು. ಇಷ್ಟು ವರ್ಷ ಅದು ತಣ್ಣಗಿರುತ್ತದೆಂದೇ ಅವಳಿಗೆ ತಿಳಿದಿರಲಿಲ್ಲ.

ರಟ್ಟಿನ ಮರೆಯಲ್ಲಿ, ಮತಪತ್ರದ ಮೇಲೆ ಎರಡು ಹೆಸರು. ಮೊದಲು ಬೇರೆಯವರಿಗೆ ಬಡಿಸಿ ರೂಢಿಯಾದ ಕೈ, ಸೀಲು ಹಿಡಿದು ಬೀರಲಿಂಗೇಶ್ ಹೆಸರಿನ ಕಡೆಗೇ ಹೊರಟಿತು. ಸುಕನ್ಯಾ ಎಡಗೈಯಿಂದ ಬಲಗೈಯನ್ನು ಗಟ್ಟಿ ಹಿಡಿದು ಎಳೆದುಕೊಂಡಳು. ಎದೆ, ಡಬ್ಬಿಯಿಂದ ಬೆಲ್ಲ ಕದಿಯುವಾಗ ಹೊಡೆದುಕೊಂಡಂತೆ ಹೊಡೆದುಕೊಳ್ಳುತ್ತಿತ್ತು. ತನ್ನ ಹೆಸರಿನ ಮುಂದೆ ಒತ್ತಿದಳು. ಜೋರಾಗಿಯೇ ಒತ್ತಿದಳು, ಮೇಜು ಅಲ್ಲಾಡಿತು.

ಎಣಿಕೆ ಬೇಗ ಮುಗಿಯಿತು. ಒಂದಕ್ಕೆ ಸೊನ್ನೆ. “ಸುಕನ್ಯಾ ಮೇಡಂ ಗೆದ್ದಾರ,” ಎಂದು ಗಂಭೀರವಾಗಿ ಘೋಷಿಸಿದ ಮೇಲಷ್ಟೇ ಮೇಷ್ಟ್ರಿಗೆ ಸೋತದ್ದು ಯಾರೆಂದು ಹೊಳೆಯಿತು. “ಏ, ನನ್ನ ಅಂಚೆ ಮತ ಇನ್ನೂ ಬಂದಿಲ್ಲಲ್ರಿ!”

ಹಿಂದಿನ ಬೆಂಚಿನಲ್ಲಿ ಕೋಮಲಾ ಎದ್ದುನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. ಸಂಶೋಧನೆ ಕೆಟ್ಟುಹೋಯಿತು.

ಮನೆಯಲ್ಲಿ ಅತ್ತೆ ನೀಲಗಂಗಮ್ಮನ ಕಣ್ಣು ನೇರ ಬೆರಳಿಗೇ ಬಿತ್ತು. “ಯಾವ ಎಲೆಕ್ಷನ್ ಬಂತು ಈಗ?”

“ನಂದು ಅತ್ತಿ. ಗೆದ್ದೆ. ಹತ್ತು ದಿನ ಮೈಸೂರು.”

“ಎಷ್ಟು ಓಟು ಬಿದ್ವು?”

“ಒಂದು.”

“ಯಾರು ಹಾಕಿದ್ರು ಅದನ್ನ?”

“ಗುಪ್ತ ಮತದಾನ. ಹೇಳಂಗಿಲ್ಲ.”

ನೀಲಗಂಗಮ್ಮ ಒಲೆಯ ಕಡೆ ಕೈ ತೋರಿಸಿದಳು. “ಅಲ್ಲಾ, ಅಲ್ಲಿವರಿಗೂ ಇಲ್ಲಿ ರೊಟ್ಟಿ ಯಾರು ಬಡೀತಾರ?”

“ನೀವು, ನಿಮ್ಮ ಮಗ ಇಬ್ಬರೂ ನಿಲ್ರಿ. ಓಟಿಗೆ ಹಾಕೋಣು,” ಎಂದಳು ಸುಕನ್ಯಾ, ಒಲೆಯ ಕಡೆ ಹೋಗದೆ ತಟ್ಟೆಯ ಮುಂದೆ ಕೂರುತ್ತ. “ನಾನು ಮಸಿ ಹಚ್ಚತೀನಿ.”