ಅರ್ಧ ಒಬ್ಬಟ್ಟು

ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣಬೇಕು ಎನ್ನುವುದು ಲಕ್ಕಮ್ಮನವರ ಕಾಯಿದೆ. ಚಾಮರಾಜಪೇಟೆಯ ಆ ಗಲ್ಲಿಯಲ್ಲಿ ಬೇರೆ ಯಾರ ಮನೆಯಲ್ಲೂ ಆ ಪದ್ಧತಿ ಉಳಿದಿರಲಿಲ್ಲ. ಆದರೆ ಲಕ್ಕಮ್ಮ ತಲೆಯ ಮೇಲೆ ಸೊಪ್ಪು ಹೊತ್ತು ಮಾರಿ ಮನೆ ಕಟ್ಟಿದ ಹೆಂಗಸು. ಅವರಿಗೆ ಎದುರಾಡುವ ಗಂಡಸರೇ ಇರಲಿಲ್ಲ ಅಂದಮೇಲೆ ಹೊಸದಾಗಿ ಬಂದ ಸೊಸೆ ಕುಸುಮಾ ಯಾವ ಲೆಕ್ಕ. ಗಂಡ ಯೋಗಾನಂದ ಉಂಡು ಎದ್ದ ಮೇಲೆ ಅವಳು ಆ ಎಂಜಲು ತಟ್ಟೆಯ ಮುಂದೆ ಕೂತು, ಕಣ್ಣೀರನ್ನೂ ಮುದ್ದೆಯನ್ನೂ ಒಟ್ಟಿಗೇ ನುಂಗುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ, ಅಷ್ಟು ರೋಷವಾದರೂ ಬೇಡವೇ?

ಯೋಗಾನಂದ ಮಾತಿನ ಮನುಷ್ಯನಲ್ಲ. ಬೀದಿ ತುದಿಯ ತರಕಾರಿ ಅಂಗಡಿಯಲ್ಲಿ ದಿನವಿಡೀ ‘ಅಕ್ಕ, ಬೀನ್ಸ್ ಎಳೇದಿದೆ ನೋಡಿ’ ಎಂದು ಊರಿನ ಹೆಂಗಸರನ್ನೆಲ್ಲ ಮಾತಾಡಿಸುವವನು, ಮನೆಗೆ ಬರುವಾಗ ಮಾತಿಗೂ ಷಟರ್ ಎಳೆದು ಬರುತ್ತಿದ್ದ. ಹಾಗಿರುವಾಗ ಒಂದು ದಿನ ತಟ್ಟೆಯ ಅಂಚಿನಲ್ಲಿ ನುಗ್ಗೆಕಾಯಿಯ ಎರಡು ಹೋಳು ಮುಟ್ಟದೆ ಉಳಿದಿದ್ದವು. ಮರೆತಿರಬೇಕು ಅಂದುಕೊಂಡಳು ಕುಸುಮಾ. ಮಾರನೆಯ ದಿನ ಎಣ್ಣೆಗಾಯಿಯ ಒಂದು ಇಡೀ ಬದನೆಕಾಯಿ ಉಳಿಯಿತು. ಹಬ್ಬದ ದಿನವಂತೂ ಒಬ್ಬಟ್ಟನ್ನು ನಡುವಿಗೆ ಮುರಿದು, ತುಪ್ಪ ಹೆಚ್ಚು ಸುರಿದಿದ್ದ ಅರ್ಧವನ್ನು ಬಿಟ್ಟು ಎದ್ದಿದ್ದ. ಆಗ ಅವಳಿಗೆ ತಿಳಿಯಿತು. ಅಮ್ಮನ ಕಣ್ಣು ತಪ್ಪಿಸಿ ಹೆಂಡತಿಗೆ ಒಳ್ಳೆಯದನ್ನು ತಿನ್ನಿಸಲು ಪಾಪ ಅವನಿಗೆ ಇದ್ದ ದಾರಿ ಅದೊಂದೇ.

ಲಕ್ಕಮ್ಮ ತೀರಿಕೊಂಡರು. ಕಾಯಿದೆ ಮಾಡಿದವರು ಹೋದರೂ ಕಾಯಿದೆ ಉಳಿಯಿತು, ಏಕೆಂದರೆ ಅಷ್ಟು ಹೊತ್ತಿಗೆ ಅದು ಕುಸುಮಾಳ ಸ್ವಂತದ್ದಾಗಿತ್ತು. ಮಕ್ಕಳಾಗಲಿಲ್ಲ. ಮನೆಯಲ್ಲಿ ಇಬ್ಬರು, ತಟ್ಟೆ ಒಂದು. ಎದುರುಮನೆಯ ಮುನಿಯಕ್ಕ, ‘ಈ ಕಾಲದಲ್ಲೂ ಎಂಜಲು ತಿಂತೀಯಲ್ಲೇ’ ಎಂದು ಹಂಗಿಸಿದರೆ ಕುಸುಮಾ ನಕ್ಕು ಸುಮ್ಮನಾಗುತ್ತಿದ್ದಳು. ಹೇಳಿದರೆ ಮುನಿಯಕ್ಕನಿಗೆ ಅರ್ಥವಾಗುವ ವಿಷಯವಾಗಿರಲಿಲ್ಲ.

ಆಮೇಲೆ ಕೊರೋನಾ ಬಂತು.

ಕುಸುಮಾಳಿಗೆ ಚಿಕ್ಕಂದಿನಿಂದಲೂ ಉಬ್ಬಸ. ಗುಳಿಗೆ ಬರೆಸಿಕೊಳ್ಳಲು ಹೋದಾಗ ಡಾಕ್ಟರು ಮಾಸ್ಕಿನೊಳಗಿಂದಲೇ ಯೋಗಾನಂದನಿಗೆ ಹೇಳಿದರು: ‘ಇವರಿಗೇನಾದ್ರೂ ಬಂದ್ರೆ ಉಸಿರಾಟ ಕಷ್ಟ ಆಗುತ್ತೆ. ನೀವು ನಾಲ್ಕು ಜನರ ಜೊತೆ ವ್ಯಾಪಾರ ಮಾಡೋರು, ಸ್ವಲ್ಪ ದೂರ ಇರಿ.’ ಅಷ್ಟೇ ಸಾಕಾಯಿತು. ದೂರ ಇರಿ ಎಂದರೆ ಬೇರೆಯವರು ಮಂಚದ ಆ ಕಡೆಗೆ ಸರಿದು ಮಲಗುತ್ತಿದ್ದರು. ಈ ಮಹಾರಾಯ ಚಾಪೆ ಸುತ್ತಿಕೊಂಡು ತಾರಸಿಯ ಮೇಲೆ ತರಕಾರಿ ಕ್ರೇಟು ಇಡುವ ಶೀಟಿನ ರೂಮಿಗೆ ಹೋದ. ಮನೆಯ ಹೊರಗಿನಿಂದಲೇ ಕಬ್ಬಿಣದ ಮೆಟ್ಟಿಲು. ಯುಗಾದಿಗೆ ಮೇಲೆ ಹೋದವನು ಶ್ರಾವಣ ಕಳೆದರೂ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

ಎಚ್ಚರಿಕೆಯಲ್ಲಿ ಕುಸುಮಾಳೇನೂ ಕಡಿಮೆಯಿರಲಿಲ್ಲ. ಹಾಲಿನ ಪ್ಯಾಕೆಟ್ಟಿಗೆ ಸ್ನಾನ, ಬೀಗದ ಕೈಗೆ ಸ್ನಾನ. ಒಂದು ಸಲ ಕರಿಬೇವನ್ನು ಸೋಪಿನಲ್ಲಿ ತೊಳೆದು, ಒಗ್ಗರಣೆಯಲ್ಲಿ ನೊರೆ ಬರಿಸಿದ್ದೂ ಉಂಟು. ಮೆಣಸು ಶುಂಠಿಯ ಕಷಾಯ ಕುಡಿದು ಕುಡಿದು ನಾಲಗೆ ದಪ್ಪವಾಗಿತ್ತು. ಅನ್ನ ಸಾರು ಬಡಿಸಿದ ತಟ್ಟೆಯನ್ನು ನಡುಮೆಟ್ಟಿಲ ಮೇಲಿಟ್ಟು ಅವಳು ಕೆಳಗಿಳಿದ ಮೇಲೆ ಅವನು ಬಂದು ಒಯ್ಯಬೇಕು. ಉಂಡಾದ ಮೇಲೆ ಅವನೇ ತಟ್ಟೆಯನ್ನು ಕೆಳಗಿನ ಸೋಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಹೋಗಬೇಕು. ಇದು ಅವನು ಮಾಡಿದ ಕಾಯಿದೆ. ಲಕ್ಕಮ್ಮನ ಮಗನಲ್ಲವೇ.

ಅವಳು ದಿನವೂ ಆ ಬಕೆಟ್ಟಿನಲ್ಲಿ ಇಣುಕುತ್ತಿದ್ದಳು. ಬರೀ ನೊರೆ, ನೊರೆಯ ಕೆಳಗೆ ತಟ್ಟೆ. ಒಂದು ಕರಿಬೇವಿನ ಎಲೆಯೂ ತೇಲುತ್ತಿರಲಿಲ್ಲ.

‘ಎಲ್ಲಾ ತಿಂದ್ರಾ?’ ಎಂದು ಕೆಳಗಿನಿಂದ ಕೂಗಿ ಕೇಳುತ್ತಿದ್ದಳು.

‘ಹ್ಞೂಂ, ಎಲ್ಲಾ ಆಯ್ತು.’

ನುಗ್ಗೆಕಾಯಿ ಹಾಕಿದರೂ ಎಲ್ಲಾ ಆಯ್ತು, ಎಣ್ಣೆಗಾಯಿ ಮಾಡಿದರೂ ಎಲ್ಲಾ ಆಯ್ತು. ಅವಳು ಅಡಿಗೆಮನೆಯಲ್ಲಿ ತನ್ನದೇ ಹೊಸ ಸ್ಟೀಲ್ ತಟ್ಟೆಯಲ್ಲಿ ಬಡಿಸಿಕೊಂಡು ಕೂತು, ಎರಡು ತುತ್ತಿಗೇ ತಟ್ಟೆ ಸರಿಸಿಬಿಡುತ್ತಿದ್ದಳು. ತಲೆಯ ಮೇಲೆಯೇ ಅವನು ಕ್ರೇಟು ಎಳೆಯುವ ಸದ್ದು ಕೇಳುತ್ತಿತ್ತು. ಒಂದೇ ಮನೆಯಲ್ಲಿದ್ದುಕೊಂಡು ಗಂಡ ಬೇಕು, ಗಂಡ ಬೇಕು ಎಂದು ಜೀವ ಹಾತೊರೆಯುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು. ಐವತ್ತರ ಹತ್ತಿರ ಬಂದ ಹೆಂಗಸು ಇಂಥದ್ದು ಹೇಳಿದರೆ ನಗುತ್ತಾರೆ. ಅವನು ಎದುರಿಗೆ ಕೂತು ಉಣ್ಣುವುದನ್ನು ನೋಡಬೇಕು, ಅಷ್ಟೇ ಅವಳ ಆಸೆ. ಅದಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಇನ್ನೊಂದು. ಇಷ್ಟು ವರ್ಷ ತನಗೆಂದು ಬಿಡುತ್ತಿದ್ದವನು, ಈಗ ಒಬ್ಬನೇ ಪೂರ್ತಿ ತಿನ್ನುವುದನ್ನು ಎಷ್ಟು ಬೇಗ ಕಲಿತುಬಿಟ್ಟ ಎನ್ನುವ ಸಂಕಟ.

ಗೌರಿ ಹಬ್ಬ ಬಂತು. ಬಾಗಿನ ಕೊಡಲು ಯಾರ ಮನೆಗೂ ಹೋಗುವಂತಿಲ್ಲ, ಕರೆಯುವಂತಿಲ್ಲ. ಕುಸುಮಾ ಪುಟ್ಟ ಗೌರಿಯನ್ನಿಟ್ಟು ಒಬ್ಬಳೇ ಪೂಜೆ ಮಾಡಿ, ಕೈಗೆ ತಾನೇ ದಾರ ಕಟ್ಟಿಕೊಂಡು, ಬೇಳೆ ಒಬ್ಬಟ್ಟು ತಟ್ಟಿ, ಮೇಲೆ ತುಪ್ಪ ಸುರಿದು ಮೆಟ್ಟಿಲ ಮೇಲಿಟ್ಟಳು. ಮಧ್ಯಾಹ್ನ ಬಹಳ ಹೊತ್ತಾದ ಮೇಲೆ ಬಂದು ನೋಡಿದರೆ ತಟ್ಟೆ ಬಕೆಟ್ಟಿನಲ್ಲಿರಲಿಲ್ಲ. ನಡುಮೆಟ್ಟಿಲ ಮೇಲೆಯೇ ಇತ್ತು. ಅದರಲ್ಲಿ ಅರ್ಧ ಒಬ್ಬಟ್ಟು ಇತ್ತು.

ಅವಳು ಅತ್ತ ಇತ್ತ ನೋಡಿದಳು. ಮುನಿಯಕ್ಕನ ಬಾಗಿಲು ಮುಚ್ಚಿತ್ತು. ಕೈಯಲ್ಲಿ ಎತ್ತಿಕೊಂಡಾಗ ಡಾಕ್ಟರ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳು. ಚೆನ್ನಾಗಿ ನೆನಪಾಯಿತು. ನೆನಪಿಟ್ಟುಕೊಂಡೇ ತಿಂದಳು. ಹಾಲಿನ ಪ್ಯಾಕೆಟ್ಟಿಗೆ ಸ್ನಾನ ಮಾಡಿಸಿದವಳು, ಗಂಡನ ಹಲ್ಲಿನ ಗುರುತಿದ್ದ ಅರ್ಧ ಒಬ್ಬಟ್ಟನ್ನು ಮೆಟ್ಟಿಲ ಬುಡದಲ್ಲಿ ನಿಂತು, ತುಪ್ಪ ಹತ್ತಿದ ಬೆರಳು ಸಮೇತ ನೆಕ್ಕಿ ಮುಗಿಸಿದಳು. ಆ ಮಧ್ಯಾಹ್ನ ಪೂರ್ತಿ ಅವಳಿಗೆ ಮದುವೆಯಾದ ಹೊಸದರ ಸಂಭ್ರಮ. ಹಬ್ಬದ ಸೀರೆಯನ್ನು ಬಿಚ್ಚದೆ ಸಂಜೆಯವರೆಗೂ ಉಟ್ಟುಕೊಂಡೇ ಇದ್ದಳು.

ಮಾರನೆಯ ದಿನ ಅವನು ಅಂಗಡಿ ತೆಗೆಯಲಿಲ್ಲ. ಗಣೇಶನ ಹಬ್ಬ, ಸುಸ್ತಾಗಿದೆ ಅಂದ. ಅದರ ಮಾರನೆಯ ದಿನ ತಾರಸಿಯ ಗೋಡೆ ಹಿಡಿದುಕೊಂಡು ಕೆಳಗೆ ಬಗ್ಗಿದ.

‘ಕುಸುಮಾ, ಸಾರಿಗೆ ಉಪ್ಪು ಹಾಕಿಲ್ವಾ?’

‘ಹಾಕಿದೀನಲ್ರೀ.’

‘ಏನೂ ಗೊತ್ತಾಗ್ತಿಲ್ಲ ಕಣೇ. ಮೈಯೆಲ್ಲ ನೋವು. ಹಬ್ಬದ ದಿನದಿಂದಾನೂ ಹಿಂಗೇ. ಒಬ್ಬಟ್ಟೂ ಮಣ್ಣು ತಿಂದಂಗಾಯ್ತು, ಅರ್ಧಕ್ಕೇ ಬಿಟ್ಬಿಟ್ಟೆ. ಬಕೆಟ್ ತನಕ ಇಳಿಯೋಕೂ ಆಗ್ಲಿಲ್ಲ.’

ಗಂಡನಿಗೆ ಆ ರೋಗ ಬಂದಿದೆ ಎಂದು ಹೆದರಿದಳೇ? ಹೆದರಿದಳು. ತನಗೂ ಬರಬಹುದು ಎಂದು? ಅದೂ ಹೌದು. ಆದರೆ ನಾಚಿಕೆಗೇಡಿನ ಸಂಗತಿ ಏನೆಂದರೆ, ಎಲ್ಲಕ್ಕಿಂತ ಮೊದಲು ಅವಳಿಗೆ ಹೊಳೆದದ್ದು ಬೇರೆ. ಅವನು ಅದನ್ನು ತನಗೆಂದು ಬಿಟ್ಟಿರಲಿಲ್ಲ.

‘ಅದನ್ನ ಬಿಸಾಕಿದೆ ತಾನೆ?’ ಎಂದ ಅವನು.

ಕುಸುಮಾ ನೆಲ ನೋಡಿದಳು. ‘ತಿಂದೆ ಕಣ್ರೀ.’

ಅವನು ಗೋಡೆಯಿಂದ ಇನ್ನಷ್ಟು ಬಗ್ಗಿದ.

‘ನಂಗೇಂತ ಬಿಟ್ಟಿದೀರ ಅಂದ್ಕೊಂಡೆ.’

‘ನಿಂಗೆ ಬುದ್ಧಿ ಇದ್ಯಾ?’ ಎಂದ ಯೋಗಾನಂದ. ಬೈಗುಳದಂತೆ ಹೊರಟ ಮಾತು ಕೊನೆಗೆ ಬರುವಷ್ಟರಲ್ಲಿ ನಡುಗಿತ್ತು. ಮುಖ ಒಳಗೆಳೆದುಕೊಂಡ.

ಹತ್ತಿರದ ಸ್ಕೂಲಿನಲ್ಲಿ ಟೆಸ್ಟ್ ಮಾಡುತ್ತಿದ್ದರು. ಅವನು ಮುಂದೆ, ಅವಳು ಹಿಂದೆ, ನಡುವೆ ಆಟೋ ನುಗ್ಗುವಷ್ಟು ಜಾಗ ಬಿಟ್ಟುಕೊಂಡು ಹೋಗಿ ಮೂಗು ಒಡ್ಡಿ ಬಂದರು. ಅವನ ಫಲಿತಾಂಶ ಮೊದಲು ಬಂತು. ಪಾಸಿಟಿವ್. ಉಸಿರು ಸರಿಯಾಗಿದೆ, ಬೇರೆ ರೂಮೂ ಇದೆ, ಮನೆಯಲ್ಲೇ ಇರಲಿ ಎಂದು ಫೋನಿನಲ್ಲಿ ಹೇಳಿದರು. ಯಾರೋ ಬಂದು ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಮೇಲೆ ಅವನು ಊರದೇವತೆ ಅಣ್ಣಮ್ಮನಿಗೆ ಹರಕೆ ಹೊರುವುದು ಕೆಳಗೆ ಕೇಳಿಸುತ್ತಿತ್ತು. ನನಗೇನಾದ್ರೂ ಆಗಲಿ ತಾಯಿ, ಅವಳಿಗೆ ಬೇಡ.

ಕೆಳಗೆ ಕುಸುಮಾ ಏನು ಮಾಡುತ್ತಿದ್ದಳು ಎನ್ನುತ್ತೀರಿ? ಚಾಪೆ ಸುತ್ತಿ, ದಿಂಬಿಗೆ ಒಗೆದ ಕವರು ಹಾಕಿ, ಉಬ್ಬಸದ ಪಂಪು ಚೀಲಕ್ಕೆ ಹಾಕಿಕೊಂಡು ಬಾಗಿಲ ಹತ್ತಿರ ಇಟ್ಟಿದ್ದಳು. ತನಗೂ ಬಂದಿದ್ದರೆ ಇನ್ನು ದೂರ ಇರುವ ಮಾತೆಲ್ಲಿ? ಮೇಲೆ ಹೋಗಿಬಿಡಬಹುದು. ಅವನ ಹಣೆ ಮುಟ್ಟಬಹುದು, ಗಂಜಿ ಕುಡಿಸಬಹುದು. ಬದುಕುವುದೋ ಸಾಯುವುದೋ, ಒಂದೇ ರೂಮಿನಲ್ಲಿ. ಇದು ತಪ್ಪು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ, ಗೌರಿಯ ಮುಂದೆ ನಿಂತು ಬೇಡಿಕೊಳ್ಳುವಾಗ ಏನು ಬೇಡಬೇಕೆಂದು ತಿಳಿಯದೆ ಬರೀ ಕೈ ಮುಗಿದು ಬಂದಿದ್ದಳು.

ಮರುದಿನ ಮಧ್ಯಾಹ್ನ ಫೋನು ಬಂತು. ಯಾವುದೋ ಹುಡುಗಿಯ ದನಿ.

‘ನಿಮ್ದು ನೆಗೆಟಿವ್ ಬಂದಿದೆ ಮೇಡಂ. ಭಯ ಬೇಡ. ಆದ್ರೂ ಹುಷಾರಾಗಿರಿ, ಪೇಷೆಂಟ್ ಹತ್ರ ಹೋಗ್ಬೇಡಿ.’

‘ಇನ್ನೊಂದ್ಸಲ ನೋಡಮ್ಮ,’ ಎಂದಳು ಕುಸುಮಾ. ‘ಸರಿಯಾಗಿ ನೋಡು.’

‘ಸರಿಯಾಗೇ ಇದೆ ಮೇಡಂ. ನೆಗೆಟಿವ್.’

ಕುಸುಮಾ ಫೋನು ಹಿಡಿದುಕೊಂಡೇ ಮೆಟ್ಟಿಲ ಹತ್ತಿರ ಬಂದು ನಿಂತು ಅತ್ತಳು. ಎದುರು ಕಿಟಕಿಯಲ್ಲಿ ಮುನಿಯಕ್ಕ ಎದೆಗೆ ಕೈಯಿಟ್ಟುಕೊಂಡು, ‘ಅಯ್ಯೋ, ನಿಂಗೂ ಬಂತೇನೇ?’ ಎಂದರು. ಇಲ್ಲ ಎಂದು ತಲೆಯಾಡಿಸಿದಳು. ಮುನಿಯಕ್ಕ ತಲೆಬುಡ ಅರ್ಥವಾಗದೆ ಕಿಟಕಿ ಹಾಕಿಕೊಂಡರು.

ಮೇಲೆ ಅವನು ಬಂದು ನಿಂತಿದ್ದ. ಗಡ್ಡ ಬೆಳೆದಿತ್ತು, ಬಾಯಿಗೆ ಟವಲು, ಎರಡೂ ಕೈ ಮುಗಿದುಕೊಂಡೇ ಇದ್ದ. ‘ಏನಂತೆ?’

ಪಾಸಿಟಿವ್ ಎಂದು ಒಂದು ಮಾತು ಅಂದರೆ ಸಾಕಿತ್ತು. ಅವನೇನೂ ಫೋನು ಮಾಡಿ ವಿಚಾರಿಸುತ್ತಿರಲಿಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು, ಬಲಗಾಲು ಆಗಲೇ ಮೊದಲ ಮೆಟ್ಟಿಲ ಮೇಲಿತ್ತು. ಆ ಮುಗಿದ ಕೈ ನೋಡಿದಳು.

‘ನಂಗೇನೂ ಇಲ್ವಂತೆ,’ ಎಂದಳು.

ಅವನು ಗೋಡೆಯ ಹಿಂದೆ ಕುಸಿದು ಕೂತ. ಕಾಣಿಸಲಿಲ್ಲ, ಕೇಳಿಸಿತು. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಲಕ್ಕಮ್ಮ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

‘ದಿನಾ ಅರ್ಧ ಬಿಡೋಕೆ ಕೈ ಹೋಗ್ತಿತ್ತು ಕಣೇ,’ ಎಂದ, ಅಳುವಿನ ನಡುವೆಯೇ. ‘ಬಿಟ್ರೆ ನೀನು ತಿಂತೀಯ ಅಂತ ಗೊತ್ತಿತ್ತು. ಅದಕ್ಕೇ ಹೊಟ್ಟೆ ತುಂಬಿದ್ರೂ ನಿನ್ ಪಾಲೂ ತಿಂದು ಮುಗಿಸ್ತಿದ್ದೆ. ಅವತ್ತೊಂದಿನ ಆಗ್ಲಿಲ್ಲ.’

ಕುಸುಮಾ ಕಂಬಿ ಹಿಡಿದು ನಿಂತಳು. ಓಡಿ ಹೋಗಿ ಅವನನ್ನು ತಬ್ಬಿಕೊಳ್ಳಬೇಕೆಂದು ಮೈಯೆಲ್ಲ ಎಳೆಯುತ್ತಿತ್ತು. ಅವನು ಅಷ್ಟು ದಿನ ಕಾಪಾಡಿದ ಮೈ ಅದು.

‘ಮೇಲೆ ಬರ್ಬೇಡ,’ ಎಂದ ಅವನು.

‘ಬರಲ್ಲ ಕಣ್ರೀ,’ ಎಂದು ಅವಳು ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಕೆಳಗಿಟ್ಟಳು.