ಉಳಿದುಹೋದ ‘ಬಾ’

ಹೊರಟವರ ಬೆನ್ನನ್ನೂ ಕಾದವರ ಬಾಗಿಲನ್ನೂ ಒಂದೇ ಕಣ್ಣಿನಿಂದ ಸಲಹುವ ಪರಮಾತ್ಮನ ಪಾದಕ್ಕೆ ಮಣಿದು, ವಾಗ್ದೇವಿಯ ಕೃಪೆಯನ್ನು ಬೇಡಿ, ಈ ಕಥೆ ತೊಡಗುತ್ತದೆ.

“ಹೋಗಿ...” ಎಂದು ಓದಿ ಅಮೀರಾ ನಿಂತುಬಿಟ್ಟಳು.

ಲಕ್ಷ್ಮೇಶ್ವರದ ಹತ್ತಿರದ ಮಾಗಡಿ, ಚಳಿಗಾಲಕ್ಕೆ ಪರದೇಶದ ಹಕ್ಕಿಗಳಿಳಿಯುವ ಕೆರೆಯ ಊರು. ಅಲ್ಲಿನ ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಪಾಠದೊಳಗಿನ ತಾಯಿ, ಓದಲೆಂದು ದೂರದೂರಿಗೆ ಹೊರಟ ಮಗಳನ್ನು ಬಾಗಿಲವರೆಗೆ ಬಂದು ಕಳಿಸುತ್ತಿದ್ದಳು. ‘ಹೋಗಿ ಬಾ, ಮಗಳೇ’ ಎಂಬಷ್ಟೇ ಮಾತು.

“ಮುಂದ ‘ಬಾ’ ಐತಿ ನೋಡಬೇ. ಕಣ್ಣಿಗೆ ಚಾಳೀಸ ಬೇಕೇನ ನಿನಗ?” ಎಂದ ಹಿಂದಿನ ಬೆಂಚಿನ ಕನಕರಾಜ. ತರಗತಿ ನಕ್ಕಿತು.

ಕುಬೇರಪ್ಪ ಮಾಸ್ತರರು ನಗಲಿಲ್ಲ. ಹಳಗನ್ನಡ ಕಾವ್ಯವನ್ನೆಲ್ಲ ಕಂಠದಲ್ಲಿಟ್ಟುಕೊಂಡಿದ್ದ ಅವರಿಗೆ, ತಿಂಗಳಿಗೊಂದು ವಿಷಯ ಹಿಡಿದು ಮಕ್ಕಳ ಬದುಕಿಗೆ ಹತ್ತಿರದ ಕಥೆಗಳನ್ನು ಓದಿಸುವ ಹೊಸ ಪದ್ಧತಿ ಮೊದಮೊದಲು ಹಿಡಿಸಿರಲಿಲ್ಲ. ‘ಗೆಳೆತನ’ದ ಕಥೆಗಳು ಮುಗಿದು ಈ ತಿಂಗಳು ‘ಅಗಲಿಕೆ’ ಬಂದಿತ್ತು. ದಸರೆಯ ರಜೆ ಮುಗಿದಾಗಿನಿಂದ ಒಂದು ಸಂಗತಿ ಅವರ ಕಣ್ಣಿಗೆ ಬಿದ್ದಿತ್ತು. ಸಂಜೆ ಮಕ್ಕಳೆಲ್ಲ “ಬರತೀವ್ರಿ ಸರ” ಎಂದು ಹೇಳಿ ಹೊರಡುವರು. ಅಮೀರಾ ಮಾತ್ರ ತುಟಿ ಬಿಚ್ಚದೆ ಹೋಗುವಳು. ಜೀವದ ಗೆಳತಿ ನಾಗರತ್ನಾ “ಬರತೀನಬೇ” ಎಂದರೂ ಉತ್ತರವಿಲ್ಲ. ಅದು ಸೊಕ್ಕೆಂದು ತೋರಿ ನಾಗರತ್ನಾ ಬೇರೆ ಬೆಂಚಿಗೆ ಹೋಗಿ ಕುಳಿತಿದ್ದಳು.

“ಬರೇ ‘ಹೋಗ’ ಅಂದ್ರ ಏನಾಗತೈತಿ?” ಮಾಸ್ತರರು ಎಲ್ಲರನ್ನೂ ಕೇಳಿದರು.

“ಅಪಶಕುನರಿ. ನಮ್ಮವ್ವ ಬಾಯಿಮ್ಯಾಲ ಹೊಡೀತಾಳ,” ಎಂದಳು ನಾಗರತ್ನಾ.

“ಕೆರಿ ಹಕ್ಕಿಗೆ ಯಾರ ‘ಹೋಗಿ ಬಾ’ ಅಂತಾರ್ರಿ? ಚಳಿ ಬಿತ್ತಂದ್ರ ತಾವ ಬರ್ತಾವಲ್ಲ,” ಎಂದ ಕನಕರಾಜ.

“ಎಲ್ಲಾ ಬರಂಗಿಲ್ಲ,” ಎಂದಳು ಅಮೀರಾ. ಅವಳಿನ್ನೂ ನಿಂತೇ ಇದ್ದಳು, ಕಣ್ಣು ಪುಸ್ತಕದಲ್ಲಿ. “ನಮ್ಮಜ್ಜಗ ನಾ ‘ಬಾ’ ಅನ್ನಲಿಲ್ರಿ.”

ಅವಳಜ್ಜ, ಗಾದಿ ಹೊಲಿಯುವ ಯಮನೂರಸಾಬನನ್ನು ಊರಲ್ಲಿ ಅರಿಯದವರಿಲ್ಲ. ಲಕ್ಷ್ಮೇಶ್ವರದ ಸಂತೆಯಲ್ಲಿ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲವೆಂಬುದೂ ಎಲ್ಲರಿಗೂ ಗೊತ್ತಿತ್ತು. ಅಂದು ಬೆಳಿಗ್ಗೆ ಹೊಸ್ತಿಲಲ್ಲಿ ನಡೆದದ್ದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

“ರಜಾ ಇತ್ರಿ. ಸಂತಿಗೆ ನಾನೂ ಬರತೀನಿ ಅಂದೆ. ಬ್ಯಾಡ ಅಂದ. ನನಗ ಸಿಟ್ಟ ಬಂತು. ‘ಬರತೀನವ್ವಾ’ ಅಂದಾಗ ‘ಹೋಗ’ ಅಂದೆನ್ರಿ. ಅಷ್ಟ.”

ಹುಟ್ಟುಸಾವುಗಳನ್ನು ಕುರಿತ ಎಷ್ಟೋ ಪದ್ಯಗಳು ಮಾಸ್ತರರ ನಾಲಗೆಯ ತುದಿಗೆ ಬಂದವು. ಈ ಮಗುವಿನ ಅಳತೆಯದು ಒಂದೂ ಇರಲಿಲ್ಲ. ಅವರು ಪ್ರತಿ ಕಥೆಗೂ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದರು.

“ಮುಂದ?”

“ಮುಂದ ಏನಿಲ್ರಿ. ಹೋದ.”

“ಕಥಿ ಅರ್ಧಕ್ಕ ನಿಲ್ಲಸಬಾರದವ್ವಾ. ನೀ ‘ಹೋಗ’ ಅಂದಿ. ಅಜ್ಜ ಏನ ಮಾಡಿದ?”

ಅಮೀರಾ ಹುಬ್ಬು ಗಂಟಿಕ್ಕಿದಳು. “ಚಪ್ಪಲ ಮೆಟ್ಟಿದ. ಆಮ್ಯಾಲ... ನಕ್ಕ.”

“ನಕ್ಕು?”

“ಕಿಸೆ ತಟ್ಟಿ ತೋರಿಸಿದ. ‘ಇವತ್ತ ಕೊಡಬ್ಯಾಡ ಬಿಡು, ನೀ ನಿನ್ನಿ ಕೊಟ್ಟ “ಬಾ” ಇನ್ನೂ ಕಿಸೇದಾಗ ಐತಿ’ ಅಂದ.”

ಹೇಳಿ ಮುಗಿಸಿದ ಮೇಲೆಯೇ ಆ ಮಾತು ಅವಳ ಕಿವಿಗೆ ಬಿದ್ದಂತಾಯಿತು. “ಇದು ನೆನಪ ಇರಲಿಲ್ರಿ ನನಗ,” ಎನ್ನುತ್ತ ಕುಸಿದು ಕುಳಿತು, ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು. ಮಾಸ್ತರರು ಅಳಲು ಬಿಟ್ಟರು. ಕನಕರಾಜ ತನ್ನ ನೀರಿನ ಬಾಟಲಿಯನ್ನು ಮುಂದಿನ ಬೆಂಚಿಗೆ ದಾಟಿಸಿದ. ಅದು ಕೈಯಿಂದ ಕೈಗೆ ಸಾಗಿ ಅವಳನ್ನು ಮುಟ್ಟಿತು.

ಸಂಜೆಯ ಗಂಟೆಯಾಯಿತು. ಉಳಿದ ಮಕ್ಕಳೆಲ್ಲ ಹೋದರು. ನಾಗರತ್ನಾ ಬಾಗಿಲಲ್ಲಿ ಚೀಲ ಸರಿಮಾಡಿಕೊಳ್ಳುತ್ತ, ಉತ್ತರದ ಆಸೆಯಿಲ್ಲದ ದನಿಯಲ್ಲಿ, “ಬರತೀನಬೇ,” ಎಂದಳು.

“ಹೋಗಿ...” ಎಂದಳು ಅಮೀರಾ.

ಹಲಗೆ ಒರೆಸುತ್ತಿದ್ದ ಮಾಸ್ತರರ ಕೈ ನಿಂತಿತು. ನಾಗರತ್ನಾ ಹೊಸ್ತಿಲಾಚೆ ಒಂದು ಕಾಲಿಟ್ಟು, ಹಾಗೆಯೇ ಕಾದಳು. ಕೆರೆಯ ಕಡೆಯಿಂದ ಎದ್ದ ಹಕ್ಕಿಸಾಲು ಕಡಲೆಯ ಹೊಲಗಳತ್ತ ಶಾಲೆಯ ಮೇಲೆ ಹಾಯ್ದುಹೋಯಿತು.

“ಬಾ.”

ಈ ಕಥೆಯನ್ನು ಕೇಳಿದವರೆಲ್ಲರ ಹೊಸ್ತಿಲು ದಾಟಿದವರು ಸುಖವಾಗಿ ಮರಳಲಿ. ಮರಳದವರ ಕಿಸೆಯಲ್ಲಿ ತಮ್ಮವರ ಮಾತೊಂದು ಬೆಚ್ಚಗಿರಲಿ.