ಅಕ್ಕನ ಹಂದರ

ಅಕ್ಕ ಮಲ್ಲಿಕಾಳ ಮದುವೆಯ ಹಂದರದಲ್ಲೇ ನನಗೂ ತಾಳಿ ಕಟ್ಟಿಸಿದರು. ಕಾರ್ಡಿನಲ್ಲಿ ಅವಳ ಹೆಸರು ಮಾತ್ರ ಇತ್ತು. ನನಗಿನ್ನೂ ಹದಿನಾರು. ಅಧಿಕಾರಿಗಳ ಕಣ್ಣಿಗೆ ಬೀಳಬಾರದೆಂದು ಅಪ್ಪ ಹುಲಿಗೆಪ್ಪ ನನ್ನ ಸೆರಗನ್ನು ಗದ್ದದವರೆಗೆ ಎಳೆದಿದ್ದ. ಎರಡು ಲಗ್ನ, ಒಂದೇ ಅಡುಗೆ ಎಂದು ಅವನು ನೆಂಟರೊಂದಿಗೆ ನಗುತ್ತಿದ್ದುದು ಸೆರಗಿನೊಳಗೂ ಕೇಳಿಸುತ್ತಿತ್ತು. ಶಾಲೆ ಅಲ್ಲಿಗೇ ಮುಗಿಯಿತು.

ರಾಯಚೂರು ಜಿಲ್ಲೆಯ ಜಾಲಹಳ್ಳಿಯ ಗಂಡನ ಮನೆಯಲ್ಲಿ ಯಾರೂ ನನ್ನನ್ನು ಲೆಕ್ಕಕ್ಕಿಡಲಿಲ್ಲ. ಹಾಗಾಗಿ ಎಲ್ಲವನ್ನೂ ನನ್ನೆದುರೇ ಮಾತಾಡುತ್ತಿದ್ದರು. ಎರಡು ವರ್ಷದ ಮೇಲೆ ನನ್ನ ಗಂಡ ತಿರುಪತಿಗೆ ಮಾನ್ವಿಯಲ್ಲಿ ಬೇರೆ ಹೆಣ್ಣು ಗೊತ್ತುಮಾಡಿರುವುದೂ ಹಾಗೇ ತಿಳಿಯಿತು. ಕೇಳಿದ್ದಕ್ಕೆ ಬಟ್ಟೆಗಂಟಿನ ಜೊತೆ ನನ್ನನ್ನು ತವರಿನ ಬಸ್ ಹತ್ತಿಸಿದರು. ಬೀಗರೊಡನೆ ಜಗಳ ಬೇಡ ಎಂದ ಅಪ್ಪ.

ನಾನು ಒಬ್ಬಳೇ ರಾಯಚೂರಿಗೆ ಹೋಗಿ ಮಹಿಳಾ ಇಲಾಖೆಯ ಭಾವನಾ ಮೇಡಂಗೆ ಎಲ್ಲ ಹೇಳಿದೆ. ಇದು ಬಾಲ್ಯವಿವಾಹ, ತಾಳಿ ಕಟ್ಟಿದವನಿಗೂ ಕಟ್ಟಿಸಿದವರಿಗೂ ಜೈಲಾಗುತ್ತದೆ ಎಂದರು ಅವರು. ಆದರೆ ಮದುವೆ ನಡೆದದ್ದಕ್ಕೆ ಸಾಕ್ಷಿ ಬೇಕಿತ್ತು. ನನ್ನ ಹತ್ತಿರ ಕಾರ್ಡಿಲ್ಲ, ಫೋಟೊ ಇಲ್ಲ, ಊರವರು ಬಾಯಿ ಬಿಡುವವರಲ್ಲ.

ಮೇಡಂ ಕರೆಸಿದ ದಿನ ತಿರುಪತಿ ಇಸ್ತ್ರಿ ಅಂಗಿ ಹಾಕಿಕೊಂಡು, ನನ್ನ ಅಪ್ಪನನ್ನೂ ಜೊತೆಗೆ ಕರೆತಂದ. ಹೆಂಡತಿ ಇರುವಾಗ ಇನ್ನೊಂದು ಮದುವೆ ಹೇಗೆ ಎಂದು ಮೇಡಂ ಕೇಳಿದರು.

ಅವನು ನಕ್ಕ. "ಹೆಂಡ್ತಿ ಎಲ್ಲದಾಳ್ರೀ ಮೇಡಂ? ನಾ ತಾಳಿ ಕಟ್ಟಿದಾಗ ಇಕಿಗಿ ಹದಿನಾರು. ವಕೀಲರನ್ನ ಕೇಳೇ ಬಂದೀನಿ, ಕಾನೂನಿನಾಗ ಆ ಲಗ್ನ ಲಗ್ನಾನ ಅಲ್ಲ. ಬೇಕಾದ್ರ ಇವರಪ್ಪನ್ನ ಕೇಳ್ರಿ."

ಅಪ್ಪ ಹೌದೆಂದು ತಲೆಯಾಡಿಸಿದ.

"ಖರೇ ಹೇಳ್ಯಾನ್ರೀ," ಎಂದೆ. "ಹೇಳಿದ್ದನ್ನ ಹೇಳಿದಂಗ ಬರ್ಕೊಳ್ರಿ."

ಮದುವೆ ಅಸಿಂಧು, ಆದರೂ ಮಾಡಿಕೊಂಡದ್ದು ಅಪರಾಧ, ಅದಕ್ಕೀಗ ನಿನ್ನ ಮಾತೇ ಸಾಕ್ಷಿ ಎಂದು ಮೇಡಂ ಬಿಡಿಸಿ ಹೇಳಿದಾಗ ತಿರುಪತಿಯ ನಗು ನಿಂತಿತು. ಮಾನ್ವಿ ಸಂಬಂಧ ಬಿಡುತ್ತೇನೆ, ಮನೆಗೆ ಬಾ ಎಂದ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದು ಮಲ್ಲೇಶ್ವರಿ ಎಂದು ಕರೆದ. ಅದು ನನಗೆ ಹಿತವಾಗಿತ್ತು, ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನಿದ್ದೆ. ಕರೆದ. ಆಮೇಲೆ ಬರುವುದಿಲ್ಲವೆಂದು ತಲೆ ಅಲ್ಲಾಡಿಸಿದೆ.

ಕೇಸಾದರೆ ನಿನ್ನ ಅಪ್ಪನೂ ಆರೋಪಿಯಾಗುತ್ತಾನೆ, ಯೋಚನೆ ಮಾಡು ಎಂದರು ಮೇಡಂ.

"ಯವ್ವಾ, ನಾ ನಿಮ್ಮಪ್ಪ ಅದೀನಿ," ಎಂದ ಅಪ್ಪ.

ನಾನು ಮೇಡಂ ಕಡೆ ತಿರುಗಿದೆ. "ಹುಲಿಗೆಪ್ಪ ಅಂತ್ರೀ ಹೆಸರು. ಮೊದಲ ಅದನ್ನ ಬರೀರಿ."

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡ. ನಾನು ಮೇಡಂ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಹೋದೆ.